ಧೈರ್ಯವನ್ನೂ ಅಭ್ಯಾಸ ಮಾಡಿಸಬೇಕು: ಕೊಡಗಿನ ಹಾಕಿ ಮೈದಾನದಿಂದ ಒಂದು ಸಮಗ್ರ ಮಾರ್ಗದರ್ಶಿ

ಹದಿಮೂರು ವರ್ಷದ ಹುಡುಗ 23 ಮೀಟರ್ ಗೆರೆಯ ಮೇಲೆ ನಿಂತಿದ್ದ. ಪಂದ್ಯ ಸಮವಾಗಿ ಮುಗಿದಿತ್ತು. ಶೂಟೌಟ್‌ನಲ್ಲಿ ನಾಲ್ವರ ಸರದಿ ಆಗಿತ್ತು, ಇವನದು ಐದನೆಯದು, ಕೊನೆಯದು. ಅಂಪೈರ್ ಸೀಟಿ ಊದಿದರೆ ಇರುವುದು ಎಂಟೇ ಸೆಕೆಂಡು. ಅಷ್ಟರಲ್ಲಿ ಗೋಲ್‌ಕೀಪರ್‌ನನ್ನು ದಾಟಿ ಚೆಂಡನ್ನು ಒಳಗೆ ಹಾಕಬೇಕು. ಸೀಟಿಗೆ ಮುಂಚೆ ಅವನು ಏನೇನು ಮಾಡಿದ ಎಂಬುದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂಗೈಯನ್ನು ಚಡ್ಡಿಗೆ ಮೂರು ಸಲ ಒರೆಸಿಕೊಂಡ. ಮೈದಾನದಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ತಾತನ ಕಡೆ ನೋಡಿದ. ನನ್ನ ಕಡೆ ನೋಡಿದ. ಮತ್ತೆ ಅಂಗೈ ಒರೆಸಿಕೊಂಡ. ಸೀಟಿ ಬಿತ್ತು, ಎರಡನೆಯ ಹೆಜ್ಜೆಗೇ ಚೆಂಡು ಸ್ಟಿಕ್‌ನಿಂದ ಜಾರಿ ಪಕ್ಕಕ್ಕೆ ಉರುಳಿತು.

"ಇಷ್ಟು ದಿನ ಕಲಿಸಿದ್ದೆಲ್ಲ ಎಲ್ಲಿ ಹೋಯಿತು?" ಎಂದು ನಾನು ಎಲ್ಲರೆದುರು ಕೂಗಿದೆ. ಆಮೇಲೆ ಮೂರು ವಾರ ಅವನು ಅಭ್ಯಾಸಕ್ಕೆ ಬರಲಿಲ್ಲ.

ಆ ಮೂರು ವಾರಗಳಲ್ಲಿ ನನ್ನದೇ ಪ್ರಶ್ನೆ ನನ್ನನ್ನು ಕಾಡಿತು. ಚೆಂಡನ್ನು ಎಡಕ್ಕೆ ಎಳೆಯುವುದು, ಗೋಲ್‌ಕೀಪರ್ ಮುಂದೆ ಬಂದರೆ ತಿರುಗುವುದು, ಸ್ಟಿಕ್ ತಿರುಗಿಸಿ ಹಿಡಿದು ರಿವರ್ಸ್ ಸ್ಟಿಕ್‌ನಲ್ಲಿ ತಳ್ಳುವುದು, ಎಲ್ಲವನ್ನೂ ನೂರಾರು ಸಲ ಮಾಡಿಸಿದ್ದೆ. ಆದರೆ ಸೀಟಿ ಬೀಳುವ ಮುಂಚಿನ ಆ ಕೆಲವು ಸೆಕೆಂಡುಗಳಲ್ಲಿ ಕಣ್ಣು ಎಲ್ಲಿರಬೇಕು, ಉಸಿರು ಹೇಗಿರಬೇಕು, ತನಗೆ ತಾನು ಏನು ಹೇಳಿಕೊಳ್ಳಬೇಕು ಎಂಬುದನ್ನು ಒಂದು ದಿನವೂ ಕಲಿಸಿರಲಿಲ್ಲ. ಕಲಿಸದೇ ಇದ್ದದ್ದು ಎಲ್ಲಿಗೂ ಹೋಗುವುದಿಲ್ಲ, ಅದು ಅಲ್ಲಿ ಇರುವುದೇ ಇಲ್ಲ.

ನಾನು ಯಾಕೆ ಕಲಿಸಿರಲಿಲ್ಲ? ಕೊಡಗಿನಲ್ಲಿ ನಾವೆಲ್ಲ ಒಂದು ನಂಬಿಕೆಯ ಮೇಲೆ ಬೆಳೆದವರು: ಧೈರ್ಯ ನಮಗೆ ರಕ್ತದಲ್ಲೇ ಬಂದಿದೆ ಎಂಬ ನಂಬಿಕೆ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ಸೇನಾನಿಗಳ ನಾಡು ಇದು. 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ಅವರಿಂದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರವರೆಗೆ ಭಾರತ ತಂಡಕ್ಕೆ ಆಡಿದವರ ಪಟ್ಟಿ ನಮ್ಮ ಮಕ್ಕಳಿಗೆ ಬಾಯಿಪಾಠ. ಹೆಮ್ಮೆಪಡಲೇಬೇಕಾದ ಪಟ್ಟಿ ಅದು. ಆದರೆ "ನೀನು ಕೊಡಗಿನವನು, ನಿನಗೇಕೆ ಭಯ?" ಎಂದು ಹೇಳಿಸಿಕೊಂಡ ಮಗು ಭಯವನ್ನು ಬಿಡುವುದಿಲ್ಲ, ಬಚ್ಚಿಡುತ್ತದೆ. ಬಚ್ಚಿಟ್ಟ ಭಯಕ್ಕೆ ಮದ್ದು ಮಾಡುವುದು ಯಾರಿಗೂ ಸಾಧ್ಯವಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಈ ಮಾತು ಇನ್ನೊಂದು ಬಗೆಯಲ್ಲಿ ಚುಚ್ಚುತ್ತದೆ. ಆ ಪಟ್ಟಿಯಲ್ಲಿ ತಮ್ಮವರ ಹೆಸರಿಲ್ಲ, ಹಾಗಾದರೆ ಆ ಧೈರ್ಯ ತಮಗಿಲ್ಲವೇನೋ ಎಂದು ಅವರು ಸುಮ್ಮನೆ ಹಿಂದಿನ ಸಾಲಿಗೆ ಸರಿಯುತ್ತಾರೆ.

ಚೆಂಡನ್ನು ತಳ್ಳಿ ಕೊಡುವ ಪುಶ್ ಪಾಸ್‌ನಂತೆ, ಬರುವ ಚೆಂಡನ್ನು ನಿಲ್ಲಿಸುವ ಟ್ರ್ಯಾಪ್‌ನಂತೆ ಮನಸ್ಸಿನ ಸ್ಥಿರತೆಯೂ ದಿನವೂ ಸ್ವಲ್ಪ ಸ್ವಲ್ಪ ಮಾಡಿಸಿದರೆ ಬರುವಂಥದ್ದು. ಹೇಗೆ ಮಾಡಿಸುವುದು ಎಂಬುದನ್ನು ಶಾಲೆಯ ದೈಹಿಕ ಶಿಕ್ಷಕರಿಗೆ, ಊರಿನ ಕ್ಲಬ್‌ಗಳಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ಆಡಿಸುವವರಿಗೆ ಎಂದು ಬರೆಯುತ್ತಿದ್ದೇನೆ. ಉದಾಹರಣೆಗಳು ಹಾಕಿಯವು. ಓಟಕ್ಕೆ, ಬ್ಯಾಡ್ಮಿಂಟನ್‌ಗೆ, ಫುಟ್‌ಬಾಲ್‌ಗೆ ಬದಲಿಸಿಕೊಳ್ಳುವುದು ಕಷ್ಟವಲ್ಲ.

ಮೊದಲ ಹೆಜ್ಜೆ: ಎರಡು ವಾರ ನೋಡಿ, ಬರೆದುಕೊಳ್ಳಿ

ಹೊಸದೇನನ್ನೂ ಕಲಿಸುವ ಮುಂಚೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಮಗುವಿಗೆ ಎರಡು ಪುಟ ಬಿಡಿ. ಅಭ್ಯಾಸ ಪಂದ್ಯ ನಡೆಯುವಾಗ ಚೆಂಡನ್ನು ನೋಡುವುದನ್ನು ಬಿಟ್ಟು, ತಪ್ಪು ಮಾಡಿದ ಮಗುವನ್ನು ಹತ್ತು ಸೆಕೆಂಡು ನೋಡಿ. ಒಬ್ಬ ತಲೆ ತಗ್ಗಿಸುತ್ತಾನೆ. ಒಬ್ಬಳು ಸ್ಟಿಕ್ ನೆಲಕ್ಕೆ ಬಡಿಯುತ್ತಾಳೆ. ಒಬ್ಬ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಾನೆ, ಅದು ಜಾರಿರುವುದೇ ಇಲ್ಲ. ಇನ್ನೊಬ್ಬ ತಕ್ಷಣ ನಿಮ್ಮ ಮುಖ ನೋಡುತ್ತಾನೆ. ಕಂಡದ್ದನ್ನಷ್ಟೇ ಬರೆಯಿರಿ. "ಪುಕ್ಕಲ", "ಸೋಮಾರಿ", "ಜಂಬಗಾರ" ಎಂದು ಬರೆದ ದಿನ ನೋಡುವ ಕೆಲಸ ನಿಂತುಹೋಗುತ್ತದೆ.

ಎರಡನೆಯ ವಾರದಲ್ಲಿ ಒಬ್ಬೊಬ್ಬರನ್ನೇ ಮಾತನಾಡಿಸಿ. ಎದುರು ಕೂರಿಸಿಕೊಂಡು ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆಯುತ್ತಾ ಕೇಳಿ: ಆಟದಲ್ಲಿ ನಿನಗೆ ಖುಷಿ ಕೊಡುವ ಗಳಿಗೆ ಯಾವುದು? ಎದೆ ಹೊಡೆದುಕೊಳ್ಳುವುದು ಯಾವಾಗ? ಆಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ? ಈ ಮೂರನೆಯ ಪ್ರಶ್ನೆ ಬಹಳ ಮುಖ್ಯ. ಹೊಟ್ಟೆ ತೊಳಸುತ್ತದೆ, ಕಾಲು ಭಾರವಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಹೀಗೆ ಮಗು ಹೇಳುವ ಗುರುತೇ ಮುಂದೆ ಅದಕ್ಕೆ ಎಚ್ಚರಿಕೆಯ ಗಂಟೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಆನೆ ಓಡಾಡುವ ತೋಟದ ದಾರಿಯ ಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಬೇಕು. ಐದು ಗಂಟೆಯಾಗುತ್ತಲೇ ಆ ಮಗುವಿನ ಗಮನ ತಪ್ಪಿದರೆ ಅದು ಏಕಾಗ್ರತೆಯ ಕೊರತೆಯಲ್ಲ, ಬಸ್ಸಿನ ಚಿಂತೆ. ಅಂಥ ಮಗುವಿಗೆ ಧ್ಯಾನ ಹೇಳಿಕೊಡುವುದಕ್ಕಿಂತ ಕಾಲು ಗಂಟೆ ಮೊದಲೇ ಬಿಟ್ಟುಕೊಡುವುದು ಒಳ್ಳೆಯ ತರಬೇತಿ.

ಎರಡನೆಯ ಹೆಜ್ಜೆ: ನಮ್ಮ ನಾಲಿಗೆಯ ತರಬೇತಿ

ಮಾತು ಆಡಿದರೆ ಹೋಯಿತು ಎಂಬ ಗಾದೆ ಕೋಚ್‌ಗಳಿಗೆಂದೇ ಹುಟ್ಟಿರಬೇಕು. ಮಕ್ಕಳ ಮನಸ್ಸಿನ ತರಬೇತಿಯಲ್ಲಿ ಅರ್ಧ ಪಾಲು ನಮ್ಮ ಬಾಯಿಯದು. ನನ್ನ ಅನುಭವದಲ್ಲಿ ಅತ್ಯಂತ ಕಷ್ಟದ ಹೆಜ್ಜೆಯೂ ಇದೇ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ಕೋಚ್‌ಗಳ ನಡವಳಿಕೆಯನ್ನು ಮೈದಾನದಲ್ಲೇ ಕುಳಿತು ದಾಖಲಿಸಿದರು. ತಪ್ಪಾದಾಗ ಮೊದಲು ಹುರಿದುಂಬಿಸಿ, ಆಮೇಲೆ ತಿದ್ದುವುದು ಹೇಗೆ ಎಂದು ಕೋಚ್‌ಗಳಿಗೆ ಕೆಲವೇ ಗಂಟೆಗಳ ಪಾಠ ಮಾಡಿದರು. ಅದೇ ಸರಣಿಯ 1992ರ ಒಂದು ಅಧ್ಯಯನದಲ್ಲಿ, ಪಾಠ ಪಡೆಯದ ಕೋಚ್‌ಗಳ ಬಳಿ ಆಡಿದ ಮಕ್ಕಳಲ್ಲಿ ಶೇ 26ರಷ್ಟು ಮಂದಿ ಮರುವರ್ಷ ಆಟ ಬಿಟ್ಟಿದ್ದರು. ಪಾಠ ಪಡೆದವರ ಬಳಿ ಆಡಿದವರಲ್ಲಿ ಬಿಟ್ಟವರು ಶೇ 5. ತಂಡಗಳ ಸೋಲು ಗೆಲುವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಮಕ್ಕಳನ್ನು ಉಳಿಸಿದ್ದು ಗೆಲುವಲ್ಲ ಎಂಬುದನ್ನು ನಾವು ಗಮನಿಸಬೇಕು.

ಹಾಗೆಂದು ದಿನವಿಡೀ "ಭೇಷ್, ಭೇಷ್" ಎನ್ನುತ್ತಿರಬೇಕೆಂದು ಅರ್ಥವಲ್ಲ. 1974-75ರ ಋತುವಿನಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನೋವಿಜ್ಞಾನಿಗಳು ಬಾಸ್ಕೆಟ್‌ಬಾಲ್‌ನ ಮಹಾನ್ ಕೋಚ್ ಜಾನ್ ವುಡನ್ ಅವರ ಅಭ್ಯಾಸಗಳನ್ನು ಕುಳಿತು ನೋಡಿ, ಅವರು ಆಡಿದ 2,326 ಬೋಧನೆಯ ಮಾತು-ವರ್ತನೆಗಳನ್ನು ವಿಂಗಡಿಸಿದರು. ಹೊಗಳಿಕೆ ಶೇ 7ಕ್ಕಿಂತ ಕಡಿಮೆ. ಬೈಗುಳವೂ ಸುಮಾರು ಅಷ್ಟೇ. ಬಹುಪಾಲು ಮಾತು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಚುಟುಕು ಮಾಹಿತಿ. ಮಗುವಿಗೆ ಬೇಕಿರುವುದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ, ಮುಂದಿನ ಚೆಂಡಿಗೆ ಉಪಯೋಗಕ್ಕೆ ಬರುವ ಒಂದು ಮಾತು.

ಮಾಡಬೇಕಾದದ್ದು ಇಷ್ಟು. ಮೊಬೈಲ್‌ನಲ್ಲಿ ಧ್ವನಿ ಮುದ್ರಣ ಒತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂದು ಗಂಟೆ ಅಭ್ಯಾಸ ಮಾಡಿಸಿ. ರಾತ್ರಿ ಒಬ್ಬರೇ ಕುಳಿತು ಕೇಳಿ. ಕಾಗದದಲ್ಲಿ ಮೂರು ಕಂಬ ಹಾಕಿ: ಮಾಹಿತಿ, ಹೊಗಳಿಕೆ, ಬೈಗುಳ. ಗೀಟು ಎಳೆಯುತ್ತಾ ಹೋಗಿ. ಮೊದಲ ಸಲ ನನ್ನ ಮೂರನೆಯ ಕಂಬ ತುಂಬಿ ಪಕ್ಕಕ್ಕೆ ಹೋಗಿತ್ತು. ಅದರಲ್ಲೂ ಒಬ್ಬಳೇ ಹುಡುಗಿಯ ಹೆಸರು ಹನ್ನೊಂದು ಸಲ ಬಂದಿತ್ತು, ಹನ್ನೊಂದೂ ಸಲ ತಪ್ಪಿಗೇ. ತಿಂಗಳಿಗೊಮ್ಮೆ ಈ ಲೆಕ್ಕ ಹಾಕಿಕೊಳ್ಳಿ.

ಇನ್ನು ಮಾತಿನ ರೂಪ. "ಚೆಂಡು ಬಿಡಬೇಡ" ಎಂದರೆ ಮಗುವಿನ ಮನಸ್ಸಿನಲ್ಲಿ ಮೂಡುವುದು ಬಿಟ್ಟ ಚೆಂಡಿನ ಚಿತ್ರವೇ. "ಸ್ಟಿಕ್ ನೆಲಕ್ಕೆ ತಾಗಿರಲಿ" ಎನ್ನಿ. ಮಾಡಲು ಒಂದು ಕೆಲಸ ಸಿಗುತ್ತದೆ. ಹಾಗೆಯೇ ಮೈಯ ಅಂಗಗಳನ್ನು ಹೆಸರಿಸಿ ತಿದ್ದುವುದನ್ನು ಕಡಿಮೆ ಮಾಡಿ. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1990ರ ದಶಕದ ಕೊನೆಯಿಂದ ಮಾಡಿರುವ ಪ್ರಯೋಗಗಳಲ್ಲಿ, ಗಮನವು ಕೈಕಾಲಿನ ಮೇಲಿರುವುದಕ್ಕಿಂತ ಚಲನೆಯ ಪರಿಣಾಮದ ಮೇಲಿದ್ದಾಗ ಜನ ಚೆನ್ನಾಗಿ ಕಲಿಯುತ್ತಾರೆ ಎಂದು ಮತ್ತೆ ಮತ್ತೆ ಕಂಡಿದೆ. "ಮಣಿಕಟ್ಟನ್ನು ಹೀಗೆ ತಿರುಗಿಸು" ಎನ್ನುವ ಬದಲು "ಚೆಂಡು ಹಲಗೆಗೆ ಬಡಿಯುವ ಸದ್ದು ನನಗೆ ಇಲ್ಲಿಯವರೆಗೆ ಕೇಳಿಸಬೇಕು" ಎಂದು ನೋಡಿ. ಮಣಿಕಟ್ಟು ತಾನಾಗಿ ದಾರಿ ಕಂಡುಕೊಳ್ಳುತ್ತದೆ.

ಮೂರನೆಯ ಹೆಜ್ಜೆ: ಉಸಿರು

ಮಗು ಹೆದರಿದಾಗ ಎದೆಬಡಿತವನ್ನು ನೇರವಾಗಿ ಇಳಿಸಲು ಆಗುವುದಿಲ್ಲ. ಉಸಿರನ್ನು ಇಳಿಸಬಹುದು, ಎದೆಬಡಿತ ಅದರ ಹಿಂದೆ ಬರುತ್ತದೆ. ಉಸಿರು ಹೊರಬಿಡುವಾಗ ವೇಗಸ್ ನರದ ಮೂಲಕ ಹೃದಯದ ಗತಿ ತುಸು ಇಳಿಯುತ್ತದೆ, ಒಳಗೆಳೆಯುವಾಗ ಏರುತ್ತದೆ. ಆದ್ದರಿಂದ ಹೊರಬಿಡುವುದು ದೀರ್ಘವಾಗಿರಬೇಕು.

ಅಭ್ಯಾಸದ ಕೊನೆಯಲ್ಲಿ ಮಕ್ಕಳನ್ನು ಹುಲ್ಲಿನ ಮೇಲೆ ಅಂಗಾತ ಮಲಗಿಸಿ. ಒಂದು ಕೈ ಹೊಟ್ಟೆಯ ಮೇಲಿರಲಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಒಳಗೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಗೆ. ನಿಮಿಷಕ್ಕೆ ಆರು ಉಸಿರು ಆಯಿತು. ಮೂರು ನಿಮಿಷ ಸಾಕು. ಮೊದಲ ದಿನ ನಗುತ್ತಾರೆ, ಪಕ್ಕದವರನ್ನು ತಿವಿಯುತ್ತಾರೆ, ಬಿಡಿ. ಒಂದು ವಾರದ ಮೇಲೆ ಕುಳಿತು ಮಾಡಿಸಿ, ಆಮೇಲೆ ನಿಂತು. ಮೂರನೆಯ ವಾರ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಸಿ, ಏದುಸಿರಿನಲ್ಲಿರುವಾಗಲೇ ಎರಡು ಉಸಿರು ಮಾಡಿಸಿ ಚೆಂಡು ಕೊಡಿ. ಪಂದ್ಯದಲ್ಲಿ ಸಿಗುವುದು ಆ ಎರಡೇ ಉಸಿರು. ಪಂದ್ಯದ ದಿನ ಮೊದಲ ಬಾರಿಗೆ "ದೀರ್ಘವಾಗಿ ಉಸಿರಾಡು" ಎಂದು ಕೂಗುವುದರಿಂದ ಏನೂ ಆಗುವುದಿಲ್ಲ.

ಎಲ್ಲರಿಗೂ ತಣಿಸುವುದೇ ಮದ್ದಲ್ಲ ಎಂಬುದನ್ನೂ ನೆನಪಿಡಿ. ಉದ್ವೇಗ ತೀರ ಕಡಿಮೆಯಾದರೂ ಆಟ ಕೆಡುತ್ತದೆ, ತೀರ ಹೆಚ್ಚಾದರೂ ಕೆಡುತ್ತದೆ ಎಂಬ ಮಾತಿನ ಬೇರು ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗಗಳಲ್ಲಿದೆ. ಬೆಳಗಿನ ಮಂಜಿನಲ್ಲಿ ಆಕಳಿಸುತ್ತಾ ನಿಂತವನಿಗೆ ನಾಲ್ಕು ಜಿಗಿತ, ಒಂದು ಓಟ ಬೇಕು. ಯಾರಿಗೆ ಯಾವುದು ಎಂಬುದಕ್ಕೆ ನಿಮ್ಮ ನೋಟ್‌ಬುಕ್ ಇದೆ.

ನಾಲ್ಕನೆಯ ಹೆಜ್ಜೆ: ಕೋವಿ ಹಿಡಿದವರಿಂದ ಕಲಿಯುವ ಕ್ರಮ

ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನಮ್ಮ ಮಕ್ಕಳೆಲ್ಲ ನೋಡಿರುತ್ತಾರೆ. ಮುಂದಿನ ಸಲ ಕಾಯಿಯನ್ನು ನೋಡುವುದು ಬೇಡ, ಹೊಡೆಯುವವರನ್ನು ನೋಡಿ ಎಂದು ಹೇಳಿ ಕಳಿಸಿ. ಪಳಗಿದ ಹಿರಿಯರೊಬ್ಬರು ಹೊಡೆಯುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಕಾಲೆರಡನ್ನೂ ಅಗಲಿಸಿ ನೆಲದಲ್ಲಿ ಊರಿದರು. ಕೋವಿಯ ಹಿಡಿಯನ್ನು ಹೆಗಲ ಗುಳಿಗೆ ಕೂರಿಸಿದರು. ಕೆನ್ನೆ ಮರಕ್ಕೆ ತಾಗಿತು. ಒಂದು ಉಸಿರು ಒಳಗೆ, ಅರ್ಧ ಹೊರಗೆ, ಅಲ್ಲಿಗೆ ನಿಂತಿತು. ಕಣ್ಣು ಕಾಯಿಯಿಂದ ಕದಲಲಿಲ್ಲ. ಬೆರಳು ಎಳೆಯಲಿಲ್ಲ, ನಿಧಾನವಾಗಿ ಒತ್ತಿತು. ಸುತ್ತ ಜನರ ಗದ್ದಲ, ಮಕ್ಕಳ ಕೂಗಾಟ. ಮೂರು ಸುತ್ತುಗಳಲ್ಲೂ ಅದೇ ಕ್ರಮ, ಅದೇ ವೇಗ. ಮೊದಲ ಗುಂಡು ತಪ್ಪಿದ್ದಕ್ಕೆ ಎರಡನೆಯದರಲ್ಲಿ ಅವಸರವೂ ಇರಲಿಲ್ಲ, ಅತಿ ಎಚ್ಚರವೂ ಇರಲಿಲ್ಲ.

ಕ್ರೀಡಾ ಮನೋವಿಜ್ಞಾನ ಹೇಳುವ ಪೂರ್ವಸಿದ್ಧತೆಯ ಕ್ರಮ ಇದೇ. ಕೆನಡಾದ ಜೋನ್ ವಿಕರ್ಸ್ ಗುರಿಕಾರರ, ಆಟಗಾರರ ಕಣ್ಣಿನ ಚಲನೆಯನ್ನು ಅಳೆದು, ಚಲನೆ ಶುರುವಾಗುವ ಮುಂಚಿನ ಕೊನೆಯ ನೋಟ ನುರಿತವರಲ್ಲಿ ಹೆಚ್ಚು ಹೊತ್ತು ಒಂದೆಡೆ ನೆಲೆಸಿರುತ್ತದೆ ಎಂದು ತೋರಿಸಿದರು. ಅವರು ಅದನ್ನು ನಿಶ್ಚಲ ಕಣ್ಣು ಎಂದು ಕರೆದರು. ಶೂಟೌಟ್‌ಗೆ ನಿಂತ ನನ್ನ ಹುಡುಗನ ಕಣ್ಣು ತಾತ, ಕೋಚ್, ಅಂಗೈ ಎಂದು ಮೂರು ಕಡೆ ಅಲೆದಿತ್ತು.

ಕ್ರಮವನ್ನು ಮಗುವಿನ ಜೊತೆ ಕುಳಿತು ಕಟ್ಟಿ. ನೀವೇ ಬರೆದು ಕೊಟ್ಟರೆ ಅದು ನಿಮ್ಮದಾಗುತ್ತದೆ. ನಾಲ್ಕು ಭಾಗ ಸಾಕು: ಮೈಯಲ್ಲಿ ಒಂದು ಕೆಲಸ, ಒಂದು ಉಸಿರು, ಕಣ್ಣಿಗೆ ಒಂದು ಜಾಗ, ಒಂದು ಪದ. ಪೆನಾಲ್ಟಿ ಕಾರ್ನರ್‌ನಲ್ಲಿ (ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಶುರುಮಾಡುವ ದಾಳಿ) ಚೆಂಡು ತಳ್ಳುವ ನನ್ನ ಹುಡುಗಿಯೊಬ್ಬಳ ಕ್ರಮ ಹೀಗಿದೆ: ಎಡಗಾಲನ್ನು ಗೆರೆಯ ಬಳಿ ಊರುತ್ತಾಳೆ, ಉಸಿರು ಬಿಡುತ್ತಾಳೆ, ಚೆಂಡು ನಿಲ್ಲಿಸುವವಳ ಸ್ಟಿಕ್‌ನ ತುದಿಯನ್ನು ನೋಡುತ್ತಾಳೆ, "ನೇರ" ಎಂದುಕೊಳ್ಳುತ್ತಾಳೆ, ತಳ್ಳುತ್ತಾಳೆ. ಐದು ಸೆಕೆಂಡು ಮೀರುವುದಿಲ್ಲ. ನಮ್ಮ ವಿ.ಆರ್. ರಘುನಾಥ್ ಅವರಂತೆ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಚಿಮ್ಮಿಸುವ ಹೊಡೆತ) ಮಾಡಬೇಕೆಂದು ಕನಸು ಕಾಣುವ ಹುಡುಗರಿಗೆ ಹೇಳುತ್ತೇನೆ: ಅವರ ಫ್ಲಿಕ್‌ನ ವಿಡಿಯೊ ನೋಡುವಾಗ ಚೆಂಡು ಬರುವ ಮುಂಚಿನ ಭಾಗವನ್ನು ಹಿಂದಕ್ಕೆ ಹಾಕಿ ಮತ್ತೆ ನೋಡಿ.

ಪದ ಯಾವ ಭಾಷೆಯದಾಗಬೇಕು ಎಂದು ಕೇಳುತ್ತಾರೆ. ಮಗು ಮನೆಯಲ್ಲಿ ಅಮ್ಮನ ಜೊತೆ ಆಡುವ ಭಾಷೆಯದು. ನನ್ನ ತಂಡದಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವ ಭಾಷೆಗಳ ಪದಗಳಿವೆ. ಕೆಲವು ನನಗೆ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಐದನೆಯ ಹೆಜ್ಜೆ: ತಪ್ಪಾದ ಮೇಲಿನ ಹತ್ತು ಸೆಕೆಂಡು

ಮೊದಲ ತಪ್ಪು ಎಲ್ಲರಿಂದಲೂ ಆಗುತ್ತದೆ. ತಂಡವನ್ನು ಸೋಲಿಸುವುದು ಅದರ ಬೆನ್ನಿಗೇ ಬರುವ ಎರಡನೆಯದು. ಚೆಂಡು ಕಳೆದುಕೊಂಡ ಸಿಟ್ಟಿನಲ್ಲಿ ಹಿಂದಿನಿಂದ ಸ್ಟಿಕ್ ಬೀಸಿ ಕಾರ್ಡ್ ಪಡೆದ ಮಕ್ಕಳನ್ನು ಎಷ್ಟು ನೋಡಿಲ್ಲ!

ಮೂರು ಸಣ್ಣ ಕೆಲಸ ಕಲಿಸಿ. ಒಂದು, ಬಿಡುವುದಕ್ಕೊಂದು ಗುರುತು: ಗ್ಲೌಸಿನ ಪಟ್ಟಿ ಬಿಚ್ಚಿ ಹಾಕುವುದು, ಸ್ಟಿಕ್ ಅನ್ನು ಕೈ ಬದಲಿಸುವುದು. ಎರಡು, ಒಂದು ದೀರ್ಘ ನಿಶ್ವಾಸ. ಮೂರು, ಮುಂದಿನ ಕೆಲಸವನ್ನು ಹೆಸರಿಡಿದು ಹೇಳಿಕೊಳ್ಳುವುದು: "ಎಡಗಡೆಯವನನ್ನು ಹಿಡಿ." ತನ್ನನ್ನು ತಾನು ಹೆಸರಿಡಿದು ಕರೆದುಕೊಂಡರೆ ಇನ್ನೂ ಒಳ್ಳೆಯದು. "ನನ್ನಿಂದ ಆಗುವುದಿಲ್ಲ" ಎನ್ನುವ ಮಗುವಿಗೂ ತನ್ನ ಹೆಸರು ಹೇಳಿ "ನೀನು ಹಿಂದಕ್ಕೆ ಓಡು" ಎಂದುಕೊಳ್ಳುವುದು ಸುಲಭ, ಗೆಳೆಯನಿಗೆ ಹೇಳಿದಂತಿರುತ್ತದೆ. ಗೆಳೆಯನಿಗೆ ನಾವು ಯಾರೂ "ನೀನು ದಂಡ" ಎನ್ನುವುದಿಲ್ಲವಲ್ಲ.

ಇದನ್ನು ಕಲಿಸುವ ಬಗೆ: ಅಭ್ಯಾಸ ಪಂದ್ಯದಲ್ಲಿ ತಪ್ಪಾದ ತಕ್ಷಣ ಸೀಟಿ ಊದಬೇಡಿ. ಆಟ ಸಾಗಲಿ. ಮಗು ಆ ಮೂರೂ ಕೆಲಸ ಮಾಡಿ ಜಾಗಕ್ಕೆ ಮರಳಿದರೆ ತಂಡಕ್ಕೆ ಒಂದು ಅಂಕ ಕೊಡಿ. ಗೋಲಿಗೂ ಒಂದು ಅಂಕ, ಮರಳಿ ಬಂದದ್ದಕ್ಕೂ ಒಂದು ಅಂಕ. ಎರಡೇ ವಾರದಲ್ಲಿ ಮಕ್ಕಳು ಒಬ್ಬರನ್ನೊಬ್ಬರು "ಪಟ್ಟಿ, ಪಟ್ಟಿ" ಎಂದು ಎಚ್ಚರಿಸತೊಡಗುತ್ತಾರೆ.

ಆರನೆಯ ಹೆಜ್ಜೆ: ಮಳೆಗಾಲದ ಪಾಠ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನಗಳು ಕೆರೆಯಾಗಿರುತ್ತವೆ. ಕೆಸರು ಗದ್ದೆಯ ಆಟಗಳಿಗೆ ಅದು ಹಬ್ಬ, ಹಾಕಿಗೆ ಅಲ್ಲ. ಟರ್ಫ್ (ಕೃತಕ ಹುಲ್ಲಿನ ಮೈದಾನ) ದೂರವಿರುವ ಊರುಗಳ ಮಕ್ಕಳು ನಾಲ್ಕು ತಿಂಗಳು ಸ್ಟಿಕ್ ಮೂಲೆಗಿಡುತ್ತಾರೆ. ಮನಸ್ಸಿನಲ್ಲಿ ಆಡಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಕಣ್ಣು ಮುಚ್ಚಿ ಕುಳಿತು "ಗೆಲ್ಲುತ್ತೇನೆ, ಗೆಲ್ಲುತ್ತೇನೆ" ಎಂದುಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ರೀಡಾ ಮನೋವಿಜ್ಞಾನದ ಸಂಶೋಧಕರಾದ ಪಾಲ್ ಹೋಮ್ಸ್ ಮತ್ತು ಡೇವ್ ಕಾಲಿನ್ಸ್ 2001ರಲ್ಲಿ ಮುಂದಿಟ್ಟ ಮಾದರಿಯ ಸಾರ ಇದು: ಕಲ್ಪನೆ ಆಟಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಫಲ. ಮೈಯ ಭಂಗಿ, ಜಾಗ, ಕೆಲಸ, ವೇಗ, ಭಾವನೆ ಎಲ್ಲವೂ ನಿಜದ ಹಾಗೆಯೇ ಇರಬೇಕು. ಆದ್ದರಿಂದ ಮಲಗಿಸಬೇಡಿ. ಶಾಲೆಯ ಜಗಲಿಯಲ್ಲಿ ಶೂ ಹಾಕಿಸಿ, ಕೈಗೆ ಸ್ಟಿಕ್ ಕೊಟ್ಟು, ಆಡುವ ಭಂಗಿಯಲ್ಲೇ ನಿಲ್ಲಿಸಿ. ಹೆಂಚಿನ ಮೇಲಿನ ಮಳೆಯ ಸದ್ದನ್ನು ಮೈದಾನದ ಸದ್ದೆಂದು ತಿಳಿಯಲು ಹೇಳಿ.

ಮೊದಲ ದಿನ ಆಟ ಬೇಡ. ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ ಕಾಫಿ ತೋಟ ಬೆಳ್ಳಗೆ ಅರಳುತ್ತದಲ್ಲ, ಆ ಬೆಳಿಗ್ಗೆ ನಿನ್ನ ಮನೆಯ ಬಾಗಿಲು ತೆಗೆದೆ, ಏನು ವಾಸನೆ ಬಂತು, ಅಂಗಳದಲ್ಲಿ ಏನಿತ್ತು ಎಂದು ಕೇಳಿ. ವಾಸನೆ, ಸದ್ದು, ಸ್ಪರ್ಶ ಹೇಳಲು ಕಲಿತ ಮಗುವಿಗೆ ಚೆಂಡಿನ ಚಿತ್ರ ಸುಲಭ. ಎರಡನೆಯ ವಾರ ಒಂದೇ ಒಂದು ಕೆಲಸ: ಬರುವ ಚೆಂಡನ್ನು ನಿಲ್ಲಿಸುವುದು. ಸ್ಟಿಕ್‌ಗೆ ತಾಗಿದ ಅದುರು ಕೈಗೆ ಬಂತೇ? ಆಮೇಲೆ ನಿಲ್ಲಿಸಿ ತಿರುಗುವುದು. ಕೊನೆಗೆ ಎಂಟು ಸೆಕೆಂಡಿನ ಶೂಟೌಟ್ ಪೂರ್ತಿ, ನಾಲ್ಕನೆಯ ಹೆಜ್ಜೆಯ ಕ್ರಮವನ್ನೂ ಸೇರಿಸಿ. ನೀವು ಗಡಿಯಾರ ಹಿಡಿದು ಸೀಟಿ ಊದಿ. ಮುಗಿದಾಗ ಅವರು ಕೈ ಎತ್ತಲಿ. ಮೂರು ಸೆಕೆಂಡಿಗೇ ಕೈ ಎತ್ತಿದವನು ಆಟವನ್ನು ಹಾರಿಸಿ ಗೋಲನ್ನಷ್ಟೇ ನೋಡಿದ್ದಾನೆ.

ಕೆಲವು ಮಕ್ಕಳಿಗೆ ಚಿತ್ರವೇ ಮೂಡುವುದಿಲ್ಲ. ಅವರಿಗೆ ಮೈಯ ಚಲನೆ ಅಥವಾ ಸದ್ದು ಸಾಕು, ಒತ್ತಾಯ ಬೇಡ. ಇನ್ನು ಕೆಲವರಿಗೆ ಕಲ್ಪನೆಯಲ್ಲೂ ಚೆಂಡು ತಪ್ಪುತ್ತದೆ. ಅಂಥವರಿಗೆ ಕೆಲಸವನ್ನು ಸಣ್ಣದು ಮಾಡಿ, ಸರಿಯಾಗಿ ಮುಗಿಯುವ ಹಂತಕ್ಕೆ ಇಳಿಸಿ ನಿಲ್ಲಿಸಿ. ಒಂದು ಸಲಕ್ಕೆ ಐದಾರು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ.

ಏಳನೆಯ ಹೆಜ್ಜೆ: ಒತ್ತಡವನ್ನು ಅಭ್ಯಾಸಕ್ಕೇ ಕರೆತನ್ನಿ

ಒಂದೇ ಕಡೆಯಿಂದ ಐವತ್ತು ಸಲ ಹೊಡೆಸಿದರೆ ಐವತ್ತನೆಯದು ಚೆನ್ನಾಗಿರುತ್ತದೆ, ಕೋಚ್‌ಗೂ ತೃಪ್ತಿ. ಆದರೆ 1979ರಲ್ಲೇ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ತೋರಿಸಿದ್ದಾರೆ: ಕೆಲಸಗಳನ್ನು ಬೆರೆಸಿ ಕಲಿತವರು ಅಭ್ಯಾಸದ ದಿನ ಹಿಂದೆ ಬಿದ್ದರೂ ಆಮೇಲೆ ನೆನಪಿನಲ್ಲಿ ಮುಂದಿರುತ್ತಾರೆ. ಆದ್ದರಿಂದ ಬೆರೆಸಿ. ಒಂದು ಟ್ರ್ಯಾಪ್, ಒಂದು ಓಟ, ಒಂದು ಹೊಡೆತ, ಒಂದು ರಕ್ಷಣೆ.

ಶೂಟೌಟನ್ನು ಅಭ್ಯಾಸದ ತೀರ ಕೊನೆಯಲ್ಲಿ, ಕಾಲು ಸೋತಿರುವಾಗ ಇಡಿ. ಒಬ್ಬರಿಗೆ ಒಂದೇ ಅವಕಾಶ. ಉಳಿದವರು ಗೆರೆಯ ಸುತ್ತ ನಿಂತು ಗದ್ದಲ ಮಾಡಲಿ. ತಪ್ಪಿದರೆ ಶಿಕ್ಷೆಯಿಲ್ಲ, ಎರಡನೆಯ ಅವಕಾಶವೂ ಇಲ್ಲ, ಮುಂದಿನ ವಾರವೇ ಸರದಿ. ಶಿಕ್ಷೆಯಾಗಿ ಓಡಿಸುವುದನ್ನು ನಾನು ಸಂಪೂರ್ಣ ನಿಲ್ಲಿಸಿದ್ದೇನೆ. ಓಟ ನಮ್ಮ ಆಟದ ಜೀವ. ಅದನ್ನು ದಂಡವಾಗಿ ಮಾಡಿದರೆ ಮಗು ಓಟವನ್ನೇ ದ್ವೇಷಿಸುತ್ತದೆ.

ಎಂಟನೆಯ ಹೆಜ್ಜೆ: ಗುರಿ

ಇದು ಸಣ್ಣದು. "ಕಪ್ ಗೆಲ್ಲಬೇಕು" ಎಂಬುದು ಆಸೆ. "ಈ ತಿಂಗಳು ಎಡಗಡೆಯಿಂದ ಬರುವ ಹತ್ತು ಪಾಸ್‌ಗಳಲ್ಲಿ ಏಳನ್ನು ನಿಲ್ಲಿಸಬೇಕು, ಅದಕ್ಕೆ ವಾರಕ್ಕೆ ಮೂರು ದಿನ ಮನೆಯ ಗೋಡೆಗೆ ಹೊಡೆದು ಅಭ್ಯಾಸ ಮಾಡುತ್ತೇನೆ" ಎಂಬುದು ಗುರಿ. ಮಗುವೇ ಆರಿಸಲಿ, ತನ್ನ ಕೈಯಲ್ಲಿ ಬರೆಯಲಿ. ಹಾಗೆಯೇ ಹನ್ನೆರಡು ವರ್ಷಕ್ಕೇ ಯಾರನ್ನೂ "ಇವನಿಂದ ಆಗುವುದಿಲ್ಲ" ಎಂದು ಬದಿಗೆ ಸರಿಸಬೇಡಿ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಗ್ರ್ಯಾಂಡ್ ಸ್ಲಾಮ್.

ಒಂಬತ್ತನೆಯ ಹೆಜ್ಜೆ: ಮೈದಾನದಾಚೆಯ ಕುರ್ಚಿಗಳು

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಪ್ರಯತ್ನದಿಂದ 60 ಕುಟುಂಬ ತಂಡಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ ಇವತ್ತು ನೂರಾರು ತಂಡಗಳ ಹಬ್ಬವಾಗಿದೆ. ಅಜ್ಜ ಮೊಮ್ಮಗ, ಅತ್ತೆ ಸೊಸೆ ಒಂದೇ ತಂಡದಲ್ಲಿ ಆಡುವ ಇಂಥ ಹಬ್ಬ ಬೇರೆಲ್ಲಿದೆ? ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಪ್ರಕಾರ ಒಳಗಿನಿಂದ ಹುಟ್ಟುವ ಉತ್ಸಾಹಕ್ಕೆ ಮೂರು ಆಹಾರ ಬೇಕು: ತಾನೇ ಆರಿಸಿಕೊಂಡೆನೆಂಬ ಭಾವ, ತನ್ನಿಂದ ಆಗುತ್ತದೆಂಬ ಭಾವ, ತನ್ನವರಿದ್ದಾರೆಂಬ ಭಾವ. ಮೂರನೆಯದು ನಮ್ಮಲ್ಲಿ ಧಾರಾಳವಾಗಿದೆ. ಆದರೆ ಅದೇ ಕುಟುಂಬ ಕುರ್ಚಿ ಹಾಕಿ ಕುಳಿತು ಪ್ರತಿ ಚೆಂಡಿಗೂ ನಿರ್ದೇಶನ ಕೂಗತೊಡಗಿದರೆ ಮೊದಲೆರಡನ್ನೂ ಕಸಿದುಕೊಳ್ಳುತ್ತದೆ.

ಋತುವಿನ ಮೊದಲ ವಾರವೇ ಪೋಷಕರನ್ನು ಕರೆದು ಅರ್ಧ ಗಂಟೆ ಮಾತನಾಡಿ. ಮೂರೇ ಕೋರಿಕೆ ಇಡಿ. ಆಟ ನಡೆಯುವಾಗ ಚಪ್ಪಾಳೆ ಸಾಕು, ನಿರ್ದೇಶನ ಬೇಡ. ಬೇರೆ ಮಗುವಿನೊಂದಿಗೆ ಹೋಲಿಕೆ ಬೇಡ. ಮೂರನೆಯದು ಮನೆಗೆ ಹೋಗುವ ಜೀಪಿನದು: ಸೋತ ದಿನ ಆ ಮುಕ್ಕಾಲು ಗಂಟೆಯ ದಾರಿಯಲ್ಲಿ ಪಂದ್ಯದ ವಿಚಾರಣೆ ನಡೆಸಬೇಡಿ. ಜೀಪಿನಿಂದ ಮಗು ಇಳಿದು ಹೋಗಲಾರದು. "ಹಸಿವಾಗಿದೆಯೇ?" ಎಂದು ಕೇಳಿ. ಮಗು ತಾನೇ ಮಾತೆತ್ತಿದರೆ ಕೇಳಿಸಿಕೊಳ್ಳಿ. ಒಬ್ಬ ತಾಯಿ ನನಗೆ ಹೇಳಿದರು: ಕಡಂಬುಟ್ಟು ತಿಂದು ಮುಗಿಸುವವರೆಗೆ ಮಾತೇ ಆಡದ ಮಗಳು ಕೈ ತೊಳೆಯುತ್ತಾ ಪಂದ್ಯವನ್ನೆಲ್ಲ ತಾನೇ ಬಿಡಿಸಿ ಹೇಳಿದಳು, ತನ್ನ ತಪ್ಪು ಎಲ್ಲಿತ್ತು ಎಂಬುದನ್ನೂ ಸೇರಿಸಿ.

ಹತ್ತನೆಯ ಹೆಜ್ಜೆ: ನಮ್ಮ ಕೈ ಮೀರಿದಾಗ

ಇಲ್ಲಿಯವರೆಗೆ ಹೇಳಿದ್ದು ಆಟದ ಅಳುಕಿಗೆ. ನಿದ್ದೆ, ಊಟ ಕೆಟ್ಟಿದ್ದರೆ, ಇಷ್ಟಪಡುತ್ತಿದ್ದ ಎಲ್ಲದರಿಂದಲೂ ಮಗು ದೂರ ಸರಿದರೆ, ಮೈಮೇಲೆ ಗಾಯದ ಗುರುತು ಕಂಡರೆ, ಬದುಕಿನ ಬಗ್ಗೆ ಬೇಸರದ ಮಾತು ಬಂದರೆ ಅದು ಕೋಚ್ ಬಗೆಹರಿಸುವ ವಿಷಯವಲ್ಲ. ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ನಂಬಿಕಸ್ಥ ಹಿರಿಯರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಅಥವಾ ಮೈದಾನದಲ್ಲಿ ಮಗುವಿಗೆ ಲೈಂಗಿಕ ಕಿರುಕುಳ ಆಗುತ್ತಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಸಹಾಯ ಕೇಳುವುದು ದೌರ್ಬಲ್ಯವೆಂದು ಯಾರಾದರೂ ಹೇಳಿದರೆ ದೊಡ್ಡವರ ಉದಾಹರಣೆ ಕೊಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮನಸ್ಸು ಮೈ ಒಂದಾಗುತ್ತಿಲ್ಲವೆಂದು ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ನಮ್ಮ ಪುರುಷರ ಹಾಕಿ ತಂಡ 2023ರಲ್ಲಿ ಮಾನಸಿಕ ತರಬೇತುದಾರ ಪ್ಯಾಡಿ ಅಪ್ಟನ್ ಅವರನ್ನು ಜೊತೆಗೆ ಸೇರಿಸಿಕೊಂಡಿತು, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ತಂದಿತು.

ವಾರದ ಲೆಕ್ಕ

ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಕೇಳಬೇಡಿ. ಉಸಿರು ದಿನಕ್ಕೆ ಮೂರು ನಿಮಿಷ, ಅದೂ ಮೈ ತಣಿಸುವ ಹೊತ್ತಿನಲ್ಲೇ. ಕಲ್ಪನೆ ವಾರಕ್ಕೆ ಎರಡು ಸಲ ಐದು ನಿಮಿಷ. ಶೂಟೌಟ್ ವಾರಕ್ಕೊಮ್ಮೆ ಕಾಲು ಗಂಟೆ. ಕ್ರಮ ಮತ್ತು ಮರಳುವಿಕೆ ಆಟದ ಒಳಗೇ ಇವೆ. ಒಂದು ತಿಂಗಳಿಗೆ ಒಂದೇ ಹೆಜ್ಜೆ ಸೇರಿಸಿ; ಎಲ್ಲವನ್ನೂ ಒಂದೇ ವಾರ ತುಂಬಿದರೆ ಮಕ್ಕಳಿಗೆ ಅಜೀರ್ಣ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಅದಿಲ್ಲದೆ ಇವು ಯಾವುವೂ ನಾಟುವುದಿಲ್ಲ. ಬೆಳಗಿನ ಅಭ್ಯಾಸವನ್ನು ಐದೂವರೆಗೆ ಇಡುವ ಮುಂಚೆ ಮಗು ಎಷ್ಟು ಗಂಟೆಗೆ ಮಲಗುತ್ತದೆ ಎಂದು ಕೇಳಿ.

ಮೂರು ತಿಂಗಳಾದ ಮೇಲೆ ಮೊದಲ ನೋಟ್‌ಬುಕ್ ತೆರೆದು, ಅದೇ ಹತ್ತು ಸೆಕೆಂಡುಗಳನ್ನು ಮತ್ತೆ ನೋಡಿ ಬರೆಯಿರಿ. ಶೂಟೌಟ್ ತಪ್ಪಿಸಿದ ಆ ಹುಡುಗ ಮೂರು ವಾರದ ಮೇಲೆ ಮರಳಿ ಬಂದ. ಅವನ ಮನೆಗೆ ಹೋಗಿ, ತಾತನ ಎದುರಿಗೇ, ಕೂಗಿದ್ದು ನನ್ನ ತಪ್ಪು ಎಂದು ಹೇಳಿ ಬಂದಿದ್ದೆ. ಅವನ ಪುಟದಲ್ಲಿ ಎರಡು ದಾಖಲೆಗಳಿವೆ. ಮೊದಲ ನೋಟದ ಒಂದು ಅಭ್ಯಾಸ ಪಂದ್ಯ: ತಪ್ಪಾದ ಮೇಲೆ ನನ್ನ ಮುಖ ನೋಡಿದ್ದು 9 ಸಲ. ಮೂರು ತಿಂಗಳ ಮೇಲೆ: 2 ಸಲ. ಅದರಲ್ಲಿ ಒಂದು ಸಲ ಅವನು ನೋಡಿದ್ದು, ಶೂ ದಾರ ಬಿಚ್ಚಿದೆ, ಕಟ್ಟಿಕೊಳ್ಳಲೇ ಎಂದು ಕೇಳಲು.